ಹಿಂದಿನ ಗಾಲಿಯ ಬ್ರೇಕಿಗೆ ಬೇಕಾದ ಹದ

ಮೋಟಾರು ಸೈಕಲ್ಲಿನ ವೇಗವನ್ನು ತಡೆಯುವ ಕಾರ್ಯದಲ್ಲಿ ಹೆಚ್ಚಿನ ಪಾಲು ಮುಂದಿನ ಬ್ರೇಕಿನದು ಎಂಬ ಮಾತನ್ನು ವಾಹನ ನಡೆಸುವವರು ಒಂದಲ್ಲ ಒಂದು ಸಲ ಕೇಳಿಯೇ ಇರುತ್ತಾರೆ. ಮುಂದಿನ ಡಿಸ್ಕು ದೊಡ್ಡದಾಗಿಯೂ ಹಿಂದಿನದು ಚಿಕ್ಕದಾಗಿಯೂ ಇರುವುದನ್ನು ಕಣ್ಣಾರೆ ಕಂಡೂ ಇರುತ್ತಾರೆ. ಹೀಗಿದ್ದರೂ ಚೆರ್ಕಳದಿಂದ ಮುಳ್ಳೇರಿಯ, ಆದೂರುಗಳ ಮಾರ್ಗವಾಗಿ ಜಾಲ್ಸೂರಿನವರೆಗೆ ಏರಿಳಿಯುತ್ತ ಸಾಗುವ ರಸ್ತೆಯಲ್ಲಿ ನಿತ್ಯವೂ ಸ್ಪೋರ್ಟ್ಸ್ ಬೈಕು ಓಡಿಸುವ ತರುಣನು ತನ್ನ ವಾಹನವನ್ನು ಗ್ಯಾರೇಜಿಗೆ ಒಯ್ದಾಗ, ಮುಂದಿನ ಪ್ಯಾಡುಗಳಿಗೆ ಇನ್ನೂ ಆಯುಷ್ಯವಿದೆಯೆಂದೂ ಹಿಂದಿನವನ್ನು ಮಾತ್ರ ಕೂಡಲೇ ಬದಲಿಸತಕ್ಕದ್ದೆಂದೂ ಮೆಕ್ಯಾನಿಕನು ಹೇಳುವುದುಂಟು. ಹೆಚ್ಚು ದುಡಿಯುವುದು ಉಳಿದು, ಕಡಿಮೆ ದುಡಿಯುವುದು ಮೊದಲು ಸವೆಯುವುದು ಹೇಗೆ? ಈ ಸಣ್ಣ ಒಗಟನ್ನು ಬಿಡಿಸಹೊರಟರೆ, ಬಿಡಿಭಾಗದ ಅಂಗಡಿಯಲ್ಲಿ ನಮ್ಮ ಮುಂದೆ ಇಡಲ್ಪಡುವ ನಾಲ್ಕಾರು ಬಗೆಯ ಪ್ಯಾಡುಗಳಲ್ಲಿ ಹಿಂದಿನ ಗಾಲಿಗೆ ಯಾವುದು ತಕ್ಕುದೆಂಬ ಪ್ರಶ್ನೆಗೂ ಉತ್ತರದ ದಾರಿ ತಾನಾಗಿಯೇ ತೆರೆದುಕೊಳ್ಳುತ್ತದೆ.

ಸವೆತದ ಲೆಕ್ಕ

ಡಿಸ್ಕು ಎಂಬುದು ಗಾಲಿಯೊಡನೆ ತಿರುಗುವ ಉಕ್ಕಿನ ತಟ್ಟೆ. ಅದರ ಇಕ್ಕೆಲಗಳಲ್ಲಿಯೂ ಕ್ಯಾಲಿಪರಿನೊಳಗೆ ಎರಡು ಪ್ಯಾಡುಗಳು ಕುಳಿತಿರುತ್ತವೆ. ಪೆಡಲನ್ನು ಮೆಟ್ಟಿದೊಡನೆ ಬ್ರೇಕ್ ಆಯಿಲ್ ತನ್ನ ಒತ್ತಡವನ್ನು ಪಿಸ್ಟನ್ನಿಗೆ ತಲಪಿಸಲು, ಪ್ಯಾಡುಗಳು ತಟ್ಟೆಯನ್ನು ಹಿಡಿದು ಉಜ್ಜುತ್ತವೆ. ವಾಹನದ ಚಲನಶಕ್ತಿಯು ಉಷ್ಣವಾಗಿ ಪರಿವರ್ತನೆ ಹೊಂದುತ್ತದೆ.

ಇಂಥ ಘರ್ಷಣೆಯ ಸ್ವರೂಪವನ್ನು ಫ್ರಾನ್ಸಿನ ಗಿಯೋಮ್ ಅಮೊಂತೋನನು 1699ರಷ್ಟು ಹಿಂದೆಯೇ ವಿವರಿಸಿದನು. ಘರ್ಷಣೆಯ ಬಲವು ಒತ್ತುವ ಬಲವನ್ನು ಅನುಸರಿಸಿ ಹೆಚ್ಚುವುದೇ ಹೊರತು, ಒಂದಕ್ಕೊಂದು ತಗಲುವ ಮೈಯ ವಿಸ್ತಾರವನ್ನು ಅನುಸರಿಸಿ ಅಲ್ಲ ಎಂಬುದು ಅವನ ನಿರ್ಣಯ. ಅಗಲವಾದ ಪ್ಯಾಡು ಅಗಲವಾದ ಕಾರಣದಿಂದಲೇ ಹೆಚ್ಚು ಹಿಡಿಯುವುದೆಂಬ ಭಾವನೆಯು ಆದುದರಿಂದ ಸರಿಯಲ್ಲ. ಅಗಲದ ಪ್ರಯೋಜನವಿರುವುದು ಬೇರೆಡೆಯಲ್ಲಿ. ಕಾವನ್ನೂ ಸವೆತವನ್ನೂ ಅದು ಹೆಚ್ಚು ಜಾಗಕ್ಕೆ ಹಂಚುತ್ತದೆ.

ಸವೆತದ ವಿಷಯದಲ್ಲಿ ಇಂಗ್ಲೆಂಡಿನ ಆರ್ಚರ್ಡ್ ಎಂಬ ವಿಜ್ಞಾನಿಯು 1953ರಲ್ಲಿ ಪ್ರಕಟಿಸಿದ ಒಂದು ಸರಳವಾದ ಸಂಬಂಧವು ನಮಗೆ ಬಹಳ ಉಪಕಾರಿ. ಉಜ್ಜಿಹೋಗುವ ವಸ್ತುವಿನ ಪ್ರಮಾಣವು ಎಷ್ಟು ಬಲದಿಂದ ಒತ್ತಿದೆವು, ಎಷ್ಟು ದೂರ ಉಜ್ಜಿದೆವು ಎಂಬ ಎರಡರ ಗುಣಲಬ್ಧವನ್ನು ಅವಲಂಬಿಸಿದೆ. ವಸ್ತುವು ಗಡುಸಾದಷ್ಟೂ ಸವೆತ ಕಡಿಮೆ. ಬಲದ ಜೊತೆಗೆ ದೂರವೂ ಲೆಕ್ಕಕ್ಕೆ ಬಂದುದರಿಂದಲೇ ನಮ್ಮ ಒಗಟಿನ ಗಂಟು ಸಡಿಲವಾಗುತ್ತದೆ. ಮುಂದಿನ ಬ್ರೇಕನ್ನು ನಾವು ಬಲವಾಗಿ, ಆದರೆ ಕೆಲವೇ ಕ್ಷಣಗಳ ಕಾಲ ಹಿಡಿಯುತ್ತೇವೆ. ಹಿಂದಿನದರ ಪೆಡಲಿನ ಮೇಲಾದರೋ ಬಲಗಾಲು ಅಭ್ಯಾಸಬಲದಿಂದ ಸುಮ್ಮನೆ ಕುಳಿತಿರುತ್ತದೆ. ಪ್ಯಾಡು ಡಿಸ್ಕನ್ನು ಸವರಿಯೂ ಸವರದಂತೆ ಮೈಲುಗಟ್ಟಲೆ ಉಜ್ಜುತ್ತ ಸಾಗುತ್ತದೆ. ಒತ್ತುವ ಬಲವು ಇಪ್ಪತ್ತರಲ್ಲಿ ಒಂದು ಪಾಲಾಗಿದ್ದರೂ ಉಜ್ಜಿದ ದೂರವು ಇಪ್ಪತ್ತು ಪಾಲಾದರೆ ಸವೆತವು ಸಮನಾಗಿಬಿಡುವುದು. ಅದರ ಮೇಲೆ ಹಿಂದಿನ ಪ್ಯಾಡಿನ ಮೈ ಚಿಕ್ಕದು. ಅಷ್ಟೇ ವಸ್ತು ಹೋದರೂ ದಪ್ಪವು ಹೆಚ್ಚು ತಗ್ಗುತ್ತದೆ. ಮುಂದಿನ ಗಾಲಿಯು ಎರಚಿದ ಮುರಕಲ್ಲಿನ ಹುಡಿಯೂ ಕೆಸರೂ ಹಿಂದಿನ ಡಿಸ್ಕಿನ ಮೇಲೆಯೇ ಬೀಳುವುದರಿಂದ, ಕಾಸರಗೋಡಿನಂಥ ಕೆಂಪು ನೆಲದ ಜಿಲ್ಲೆಯಲ್ಲಿ ಈ ಸವೆತಕ್ಕೆ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ.

ಭಾರದ ಪಲ್ಲಟ

ಬೇಗ ಸವೆಯುವುದಾದರೆ ಅತ್ಯಂತ ಗಡುಸಾದ, ಅತ್ಯಂತ ಬಲವಾಗಿ ಹಿಡಿಯುವ ಪ್ಯಾಡನ್ನೇ ಹಾಕಿಸಿಬಿಡೋಣವೆಂದು ಯಾರಿಗಾದರೂ ತೋರುವುದು ಸಹಜ. ಈ ತೀರ್ಮಾನಕ್ಕೆ ಬರುವ ಮುನ್ನ ಹಿಂದಿನ ಗಾಲಿಯ ಮೇಲೆ ಬ್ರೇಕು ಹಿಡಿಯುವ ವೇಳೆಯಲ್ಲಿ ಏನು ನಡೆಯುತ್ತದೆಂಬುದನ್ನು ವಿಚಾರಿಸಬೇಕು.

ಸವಾರನೂ ಸೇರಿ ಬೈಕಿನ ತೂಕ 220 ಕೆ.ಜಿ. ಎಂದಿಟ್ಟುಕೊಳ್ಳೋಣ. ನಿಂತಿರುವಾಗ ಎರಡು ಗಾಲಿಗಳ ಮೇಲೂ ಸುಮಾರು 110 ಕೆ.ಜಿ.ಯಂತೆ ಭಾರವಿರುತ್ತದೆ. ಗುರುತ್ವಕೇಂದ್ರವು ನೆಲದಿಂದ ಸುಮಾರು 60 ಸೆಂ.ಮೀ. ಎತ್ತರದಲ್ಲಿಯೂ ಗಾಲಿಗಳ ನಡುವಣ ಅಂತರವು 135 ಸೆಂ.ಮೀ. ಆಗಿಯೂ ಇರುವ ಬೈಕೊಂದು 60 ಕಿ.ಮೀ. ವೇಗದಿಂದ ಸುಮಾರು 28 ಮೀಟರಿನೊಳಗೆ ನಿಲ್ಲುವಂತೆ ಬ್ರೇಕು ಹಿಡಿದರೆ, ಬೈಕು ಮುಂದಕ್ಕೆ ಬಾಗಿ, ಹಿಂದಿನ ಗಾಲಿಯಿಂದ ಸುಮಾರು 50 ಕೆ.ಜಿ. ಭಾರವು ಮುಂದಿನ ಗಾಲಿಗೆ ಹೋಗುತ್ತದೆ. ಹಿಂದೆ ಉಳಿಯುವುದು 60 ಕೆ.ಜಿ. ಮಾತ್ರ. ಒಣ ರಸ್ತೆಯಲ್ಲಿ ಅದರ ಒಂದೂವರೆಯಷ್ಟು ಬಿರುಸಾಗಿ ಬ್ರೇಕು ಹಿಡಿದರೆ ಹಿಂದಿನ ಗಾಲಿಯ ಮೇಲೆ ಉಳಿಯುವುದು ಸುಮಾರು 35 ಕೆ.ಜಿ. ಅಷ್ಟೆ. ಈ ವಿದ್ಯಮಾನವನ್ನು ನಾವು ಭಾರಪಲ್ಲಟವೆಂದು ಕರೆಯಬಹುದು.

ಟಯರು ನೆಲವನ್ನು ಹಿಡಿಯುವುದೂ ಘರ್ಷಣೆಯಿಂದಲೇ. ಅದೂ ತನ್ನ ಮೇಲಿರುವ ಭಾರವನ್ನೇ ಅನುಸರಿಸುತ್ತದೆ. ಒಣಗಿದ ಡಾಂಬರಿನ ಮೇಲೆ ಟಯರಿನ ಹಿಡಿತವು ಭಾರದ ಹತ್ತರಲ್ಲಿ ಎಂಟು ಪಾಲಿನಷ್ಟೆಂದು ಗ್ರಹಿಸಿದರೆ, ಬ್ರೇಕು ಹಿಡಿಯುವ ಮುನ್ನ 88 ಕೆ.ಜಿ.ಯಷ್ಟು ತಡೆಯಬಲ್ಲ ಹಿಂದಿನ ಟಯರು, ಸಾಧಾರಣ ಬ್ರೇಕಿನಲ್ಲಿ 48ಕ್ಕೂ, ಬಿರುಸಾದ ಬ್ರೇಕಿನಲ್ಲಿ 28ರ ಆಸುಪಾಸಿಗೂ ಇಳಿದುಬಿಡುತ್ತದೆ. ಒದ್ದೆಯಾದ ರಸ್ತೆಯಲ್ಲಿ ಈ ಅಂಕಿಗಳೆಲ್ಲವೂ ಮತ್ತಷ್ಟು ತಗ್ಗುತ್ತವೆ. ಪ್ಯಾಡು ಡಿಸ್ಕನ್ನು ಹಿಡಿಯುವ ಬಲವು ಟಯರು ನೆಲವನ್ನು ಹಿಡಿಯುವ ಬಲವನ್ನು ಮೀರಿದ ಕ್ಷಣವೇ ಗಾಲಿಯು ತಿರುಗುವುದನ್ನು ನಿಲ್ಲಿಸಿ ಜಾರತೊಡಗುತ್ತದೆ. ಜಾರುವ ಗಾಲಿಗೆ ದಿಕ್ಕಿನ ನಿಯಮವಿಲ್ಲದೆ ಬೈಕಿನ ಹಿಂಭಾಗವು ಪಕ್ಕಕ್ಕೆ ಸರಿಯುತ್ತದೆ. ಇದೇ ಈ ಅಧ್ಯಾಯದ ತಿರುಳು: ಹಿಂದಿನ ಬ್ರೇಕಿನ ಸಾಮರ್ಥ್ಯಕ್ಕೆ ಮೇರೆಯನ್ನು ಹಾಕುವುದು ನೆಲ. ನಾವು ಹಿಡಿತವನ್ನು ಕೇಳಿದಷ್ಟೂ ನೆಲವು ಕೊಡುವುದು ಕಡಿಮೆಯಾಗುತ್ತ ಹೋಗುವಂಥ ಸ್ಥಳದಲ್ಲಿ, ಕಾಲಿನ ಒತ್ತಡಕ್ಕೆ ಸರಿಯಾಗಿ ಸ್ವಲ್ಪ ಸ್ವಲ್ಪವಾಗಿ ಬಲವನ್ನು ಬಿಡುವ ಪ್ಯಾಡು ಶ್ರೇಷ್ಠವೆನಿಸುತ್ತದೆ.

ಇದನ್ನರಿತೇ ತಯಾರಕರು ಹಿಂದಿನ ಬ್ರೇಕನ್ನು ಮಿತಿಯೊಳಗೆ ರಚಿಸಿರುವರು. ಭಾರತದಲ್ಲಿ 2008ರಲ್ಲಿ ಮಾರಾಟಕ್ಕೆ ಬಂದ ಯಮಹಾ ಆರ್15ರ ಮುಂದಿನ ಡಿಸ್ಕು 267 ಮಿ.ಮೀ., ಹಿಂದಿನದು 220 ಮಿ.ಮೀ. ವ್ಯಾಸದ್ದಾಗಿತ್ತು, 2014ರಲ್ಲಿ ಬಂದ ಕೆಟಿಎಂ ಆರ್‌ಸಿ 390ರಲ್ಲಿ ಅವು ಕ್ರಮವಾಗಿ 300 ಮತ್ತು 230 ಮಿ.ಮೀ. ಹಿಂದಿನ ಸೀಟಿನಲ್ಲಿ ಮತ್ತೊಬ್ಬರು ಕುಳಿತಾಗ ಮಾತ್ರ ಲೆಕ್ಕವು ಬದಲಾಗುತ್ತದೆ. ಅವರ ತೂಕದ ಬಹುಪಾಲು ಹಿಂದಿನ ಗಾಲಿಯ ಮೇಲೆಯೇ ಬೀಳುವುದರಿಂದ ಅದರ ಹಿಡಿತವೂ ಹೆಚ್ಚುತ್ತದೆ, ಹಿಂದಿನ ಬ್ರೇಕಿನ ಸೇವೆಯೂ ಹೆಚ್ಚುತ್ತದೆ.

ಪ್ಯಾಡಿನ ಎರಡು ಕುಲಗಳು

ಬ್ರೇಕಿನಲ್ಲಿ ಯಾವ ವಸ್ತುವನ್ನು ಉಜ್ಜಿಸಬೇಕೆಂಬ ಪ್ರಶ್ನೆ ಹಳೆಯದು. ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಾಡಿನ ಇಳಿಜಾರಿನಲ್ಲಿ ಬಂಡಿಗಳನ್ನು ತಡೆಯುವ ಕಷ್ಟವನ್ನು ಕಂಡ ಹರ್ಬರ್ಟ್ ಫ್ರೂಡನು 1897ರಲ್ಲಿ ಬ್ರೇಕಿನ ಪಟ್ಟಿಗಳನ್ನು ತಯಾರಿಸುವ ಉದ್ಯಮವನ್ನಾರಂಭಿಸಿದನು. ಫೆರೋಡೊ ಎಂಬ ಹೆಸರು ಅವನಿಂದಲೇ ಬಂದುದು. ಫ್ರೆಡರಿಕ್ ಲ್ಯಾಂಚೆಸ್ಟರನು 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟು ಪಡೆದಾಗ ತಾಮ್ರವನ್ನು ಉಜ್ಜಲು ಬಳಸಿದನಾದರೂ, ಲೋಹದ ಮೇಲೆ ಲೋಹವು ಉಜ್ಜುವ ಕರ್ಕಶಧ್ವನಿಯು ಅದಕ್ಕೆ ದೊಡ್ಡ ವಿಘ್ನವಾಯಿತು. ಮುಂದೆ ಬಹುಕಾಲ ಬಳಕೆಯಲ್ಲಿದ್ದ ಕಲ್ನಾರು ಶ್ವಾಸಕೋಶಕ್ಕೆ ಮಾರಕವೆಂದು ಸಿದ್ಧವಾದ ಬಳಿಕ ಒಳ್ಳೆಯ ತಯಾರಕರು ಅದನ್ನು ತ್ಯಜಿಸಿರುವರು. ಅಗ್ಗದ ಪ್ಯಾಡಿನಲ್ಲಿ ಏನಿದೆಯೆಂದು ಕಣ್ಣಿಗೆ ಕಾಣದಾದುದರಿಂದ, ಬ್ರೇಕಿನ ಧೂಳನ್ನು ಬಾಯಿಯಿಂದಾಗಲಿ ಗಾಳಿಯಂತ್ರದಿಂದಾಗಲಿ ಊದದೆ ಒದ್ದೆಬಟ್ಟೆಯಿಂದ ಒರಸುವುದೇ ಇಂದಿಗೂ ವಿಹಿತ.

ಇಂದು ಅಂಗಡಿಯಲ್ಲಿ ದೊರೆಯುವ ಪ್ಯಾಡುಗಳಲ್ಲಿ ಮುಖ್ಯವಾಗಿ ಎರಡು ಕುಲಗಳುಂಟು. ಮೊದಲನೆಯದು ಆರ್ಗ್ಯಾನಿಕ್ ಎಂಬ ಹೆಸರಿನದು. ನಾವಿದನ್ನು ರಾಳಗಟ್ಟಿನ ಪ್ಯಾಡು ಎನ್ನೋಣ. 1965ರಲ್ಲಿ ಸ್ಟೆಫನಿ ಕ್ವೋಲೆಕ್ ಎಂಬ ಅಮೆರಿಕದ ರಸಾಯನವಿಜ್ಞಾನಿಯ ಸಂಶೋಧನೆಯಿಂದ ಹುಟ್ಟಿದ ಕೆವ್ಲಾರಿನಂಥ ಎಳೆಗಳನ್ನೂ, ಗ್ರಾಫೈಟು, ರಬ್ಬರು, ಖನಿಜದ ಹುಡಿಗಳನ್ನೂ ಕೃತಕ ರಾಳದಲ್ಲಿ ಕಲಸಿ, ಒತ್ತಿ, ಬಿಸಿಮಾಡಿ ಗಟ್ಟಿಗೊಳಿಸಿದುದು ಇದು. ಹಿಡಿತ ಮೃದು, ಕಾಲಿನ ಒತ್ತಡಕ್ಕೆ ಹಂತಹಂತವಾಗಿ ಓಗೊಡುತ್ತದೆ, ಡಿಸ್ಕನ್ನು ಹೆಚ್ಚು ಸವೆಯಿಸದು. ಕೆಸರಿನಲ್ಲಿ ತಾನೇ ಬೇಗ ಸವೆಯುವುದೂ, ನೀರಿನಲ್ಲಿ ನೆನೆದಾಗ ಮೊದಲ ಕ್ಷಣ ಹಿಡಿಯಲು ತಡಮಾಡುವುದೂ ಇದರ ದೋಷಗಳು.

ಎರಡನೆಯದು ಸಿಂಟರ್ಡ್ ಎಂಬುದು. ಹುಡಿಗಟ್ಟಿನ ಪ್ಯಾಡೆಂದು ಕರೆಯಬಹುದು. ತಾಮ್ರ, ಕಂಚು, ಕಬ್ಬಿಣಗಳ ಹುಡಿಯನ್ನು ಅಚ್ಚಿನಲ್ಲಿ ಬಲವಾಗಿ ಒತ್ತಿ, ಕರಗುವ ಬಿಂದುವನ್ನು ಮುಟ್ಟದಂತೆ ಕಾಯಿಸಿದಾಗ ಕಣಕ್ಕೆ ಕಣ ಬೆಸೆದುಕೊಂಡು ಸೂಕ್ಷ್ಮರಂಧ್ರಗಳುಳ್ಳ ಗಟ್ಟಿಯಾದ ಬಿಲ್ಲೆಯಾಗುತ್ತದೆ. ಹೋಂಡಾ ಕಂಪನಿಯು 1969ರಲ್ಲಿ ಸಿಬಿ 750 ಬೈಕಿನ ಮುಂದಿನ ಗಾಲಿಗೆ ಡಿಸ್ಕ್ ಬ್ರೇಕನ್ನು ಅಳವಡಿಸಿ ಅದನ್ನು ಜನಬಳಕೆಗೆ ತಂದ ಮೇಲೆ, ತುಕ್ಕುಹಿಡಿಯದ ಉಕ್ಕಿನ ಡಿಸ್ಕುಗಳು ಮಳೆಯಲ್ಲಿ ತಡವಾಗಿ ಹಿಡಿಯುವ ತೊಂದರೆಯು ಎಲ್ಲೆಡೆ ಅನುಭವಕ್ಕೆ ಬಂತು. ಅದಕ್ಕೆ ಪರಿಹಾರವಾಗಿ ಈ ಲೋಹದ ಪ್ಯಾಡುಗಳು ಪ್ರಚಾರ ಪಡೆದವು. ಗಡುಸಾದ ಕಣಗಳು ನೀರಿನ ಪೊರೆಯನ್ನು ಕಡಿದು ಡಿಸ್ಕನ್ನು ತಲಪುತ್ತವೆ; ಕಾವನ್ನು ಚೆನ್ನಾಗಿ ತಾಳುತ್ತವೆ; ಬಹುಕಾಲ ಬಾಳುತ್ತವೆ. ಹಿಡಿತವು ಬಿರುಸು, ಡಿಸ್ಕಿನ ಸವೆತವೂ ಹೆಚ್ಚು. ರಾಳದೊಳಗೆ ಲೋಹದ ಕಣಗಳನ್ನು ಬೆರೆಸಿದ ಸೆಮಿ ಮೆಟಾಲಿಕ್ ಎಂಬ ಮಧ್ಯಮಜಾತಿಯು ಇವೆರಡರ ನಡುವೆ ನಿಲ್ಲುತ್ತದೆ.

ಪ್ಯಾಡಿನ ಬೆನ್ನಿನ ತಗಡಿನ ಮೇಲೆ ಹಲವೊಮ್ಮೆ ಎರಡು ಇಂಗ್ಲಿಷ್ ಅಕ್ಷರಗಳು ಅಚ್ಚಾಗಿರುತ್ತವೆ. ಮೊದಲ ಅಕ್ಷರವು ಸಾಧಾರಣ ಕಾವಿನಲ್ಲಿಯೂ ಎರಡನೆಯದು ಹೆಚ್ಚಿನ ಕಾವಿನಲ್ಲಿಯೂ ಆ ವಸ್ತುವಿನ ಘರ್ಷಣೆಯ ಪ್ರಮಾಣವನ್ನು ತಿಳಿಸುತ್ತದೆ. ಒತ್ತುವ ಬಲವನ್ನು ಒಂದು ಎಂದಿಟ್ಟರೆ, ಇ ಎಂಬುದು 0.25ರಿಂದ 0.35ರಷ್ಟು, ಎಫ್ ಎಂಬುದು 0.35ರಿಂದ 0.45ರಷ್ಟು, ಜಿ ಎಂಬುದು 0.45ರಿಂದ 0.55ರಷ್ಟು ಘರ್ಷಣೆಯ ಗುರುತು. ಎಚ್ ಎಂದರೆ ಅದಕ್ಕಿಂತಲೂ ಹೆಚ್ಚು. ಬಿರುಸಾದ ಪ್ಯಾಡುಗಳ ಮೇಲೆ ಎಚ್‌ಎಚ್ ಎಂದಿರುವುದನ್ನು ಕಂಡು ಅದೇ ಉತ್ತಮವೆಂದು ಹಿಂದಿನ ಗಾಲಿಗೂ ತರುವವರು, ಆ ಬೈಕಿನ ಪೆಡಲು, ಪಿಸ್ಟನ್, ಡಿಸ್ಕುಗಳ ಅಳತೆಯನ್ನು ತಯಾರಕರು ಯಾವ ಅಕ್ಷರದ ಪ್ಯಾಡಿಗೆ ಹೊಂದಿಸಿದ್ದಾರೆಂಬುದನ್ನು ಮೊದಲು ನೋಡಬೇಕು. ಮೂಲದಲ್ಲಿದ್ದ ಅಕ್ಷರಕ್ಕೆ ಸಮನಾದುದನ್ನೋ ಒಂದು ಮೆಟ್ಟಲು ಕೆಳಗಿನದನ್ನೋ ಆರಿಸುವುದು ಕ್ಷೇಮ. ಮೇಲಕ್ಕೆ ಹೋಗುವುದು ಹಿಂದಿನ ಗಾಲಿಗೆ ಹಿತವಲ್ಲ.

ಕಾವಲಿಯೂ ಡಿಸ್ಕೂ

ಪ್ಯಾಡು ಡಿಸ್ಕನ್ನು ಹಿಡಿಯುವ ರೀತಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೊಸ ದೋಸೆಕಾವಲಿಯ ಮೇಲೆ ಮೊದಲ ದಿನವೇ ಹಿಟ್ಟು ಹೊಯ್ದರೆ ದೋಸೆಯು ಕೆಲವು ಕಡೆ ಅಂಟಿ ಕೆಲವು ಕಡೆ ಏಳುವುದು. ಎಣ್ಣೆ ಸವರಿ, ಹದವಾಗಿ ಕಾಯಿಸಿ, ಆರಿಸಿ, ಮತ್ತೆ ಕಾಯಿಸಿ ಅದನ್ನು ಪಳಗಿಸಿದ ಮೇಲೆಯೇ ಕಬ್ಬಿಣದ ಮೈಮೇಲೆ ತೆಳುವಾದ ಒಂದು ಲೇಪ ಕೂತು, ದೋಸೆ ಒಂದೇ ಸಮನಾಗಿ ಏಳುತ್ತದೆ. ಡಿಸ್ಕಿನ ಸ್ಥಿತಿಯೂ ಇದೇ. ಉಜ್ಜುವಾಗ ಪ್ಯಾಡಿನ ವಸ್ತುವು ಕಣ್ಣಿಗೆ ಕಾಣದಷ್ಟು ತೆಳುವಾಗಿ ಡಿಸ್ಕಿನ ಮೇಲೆ ಹತ್ತಿಕೊಂಡು ಲೇಪಪದರವೊಂದನ್ನು ಕಟ್ಟುತ್ತದೆ. ಆ ಬಳಿಕ ನಡೆಯುವ ಘರ್ಷಣೆಯ ಬಹುಭಾಗವು ಈ ಪದರಕ್ಕೂ ಪ್ಯಾಡಿಗೂ ನಡುವೆ. ಪದರವು ಸಮನಾಗಿದ್ದರೆ ಹಿಡಿತವೂ ಸಮ. ತೇಪೆ ತೇಪೆಯಾಗಿದ್ದರೆ ಪೆಡಲು ನಡುಗುವುದು, ಬ್ರೇಕು ಕಿರುಚುವುದು.

ಒಂದು ಪದಾರ್ಥಕ್ಕೆ ಪಳಗಿದ ಕಾವಲಿಯನ್ನು ತಿಕ್ಕಿ ತೊಳೆಯದೆ ಮತ್ತೊಂದಕ್ಕೆ ಬಳಸಿದರೆ ಹದ ಕೆಡುವಂತೆ, ರಾಳಗಟ್ಟಿನ ಲೇಪವಿರುವ ಡಿಸ್ಕಿನ ಮೇಲೆ ಹುಡಿಗಟ್ಟಿನ ಪ್ಯಾಡನ್ನು ಹಾಗೆಯೇ ಕೂರಿಸಿದರೆ ಹೊಸ ಪದರವು ಸರಿಯಾಗಿ ಕಟ್ಟದು. ಕುಲ ಬದಲಿಸುವಾಗ ಡಿಸ್ಕನ್ನು ನಯವಾದ ಉಪ್ಪುಕಾಗದದಿಂದ ತಿಕ್ಕಿ, ಬ್ರೇಕ್ ಕ್ಲೀನರಿನಿಂದ ಒರಸಿ ಶುದ್ಧಗೊಳಿಸಬೇಕು. ಬಳಿಕ, ವಾಹನಗಳಿಲ್ಲದ ಒಣ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ರವರೆಗೆ ಹಿಂದಿನ ಬ್ರೇಕಿನಿಂದಲೇ ಮೆಲ್ಲನೆ ಇಳಿಸಿ, ಪೂರ್ತಿ ನಿಲ್ಲಿಸದೆ, ನಡುನಡುವೆ ಆರಲು ಬಿಟ್ಟು, ಹಲವು ಬಾರಿ ಹೀಗೆ ಮಾಡಿದರೆ ಲೇಪವು ಸಮವಾಗಿ ಕೂರುತ್ತದೆ. ಕಾದ ಡಿಸ್ಕನ್ನು ಹಿಡಿದಂತೆಯೇ ನಿಲ್ಲಿಸಿದರೆ ಒಂದೇ ಜಾಗದಲ್ಲಿ ದಪ್ಪನೆಯ ತೇಪೆ ಹತ್ತಿಕೊಳ್ಳಬಹುದು.

ಇಳಿಜಾರಿನ ಕಾವು

60 ಕಿ.ಮೀ. ವೇಗದ ನಮ್ಮ ಬೈಕನ್ನು ಒಮ್ಮೆ ನಿಲ್ಲಿಸಿದಾಗ ಹುಟ್ಟುವ ಉಷ್ಣವು ನೂರು ಮಿಲಿಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಭಾಗಮಂಡಲದಿಂದ ಕರಿಕೆಯ ಮೂಲಕ ಪಾಣತ್ತೂರಿಗೆ ಇಳಿಯುವ ಘಾಟಿಯಂಥ ರಸ್ತೆಯಲ್ಲಿ 500 ಮೀಟರ್ ಎತ್ತರವನ್ನು ಬ್ರೇಕಿನ ಬಲದಿಂದಲೇ ಇಳಿದರೆ ಮೂರೂವರೆ ಲೀಟರ್ ನೀರು ಕುದಿಯುವಷ್ಟು ಉಷ್ಣ ಹೊಮ್ಮುವುದು. ರಾಳಗಟ್ಟಿನ ಪ್ಯಾಡಿನ ಕಾವು ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದರೆ ರಾಳವು ವಿಘಟಿಸತೊಡಗಿ, ಹೊರಬಿದ್ದ ಅನಿಲವು ಪ್ಯಾಡಿಗೂ ಡಿಸ್ಕಿಗೂ ನಡುವೆ ಸೇರಿ ಹಿಡಿತವು ಸೋಲುತ್ತದೆ.

ಹುಡಿಗಟ್ಟಿನ ಪ್ಯಾಡು ಈ ಕಾವಿಗೆ ಬೆದರದು. ಆದರೆ ಲೋಹವು ಉಷ್ಣವನ್ನು ಸುಲಭವಾಗಿ ಸಾಗಿಸುವುದರಿಂದ ಅದೇ ಕಾವು ಪಿಸ್ಟನ್ನಿನ ಮೂಲಕ ಬ್ರೇಕ್ ಆಯಿಲಿಗೆ ಮುಟ್ಟುತ್ತದೆ. ಡಾಟ್ 4 ಎಂಬ ದರ್ಜೆಯ ಆಯಿಲು ಹೊಸದಾಗಿದ್ದಾಗ 230 ಡಿಗ್ರಿಗೆ ಮುನ್ನ ಕುದಿಯಬಾರದೆಂದು ನಿಯಮ. ಗಾಳಿಯ ತೇವವನ್ನು ಹೀರಿದ ಮೇಲೆ ಆ ಮೇರೆಯು 155 ಡಿಗ್ರಿಗೆ ಇಳಿಯುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ, ಕಡಲಗಾಳಿ ಸದಾ ತೇವವಾಗಿರುವ ಕಾಸರಗೋಡಿನಲ್ಲಿ ಆಯಿಲು ಬೇಗ ನೀರನ್ನು ಹೀರುವುದು ಅನಿವಾರ್ಯ. ಕುದಿದ ಆಯಿಲಿನಲ್ಲಿ ಆವಿಯ ಗುಳ್ಳೆಗಳು ಹುಟ್ಟಿ, ಪೆಡಲು ಪೂರ್ತಿ ಕೆಳಗಿಳಿದರೂ ಬ್ರೇಕು ಹಿಡಿಯದು. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿದ್ದು ಎಂಜಿನ್ನಿನ ತಡೆಯನ್ನು ಬಳಸುವುದೂ, ಎರಡು ವರ್ಷಕ್ಕೊಮ್ಮೆಯಾದರೂ ಆಯಿಲು ಬದಲಿಸುವುದೂ ಯಾವ ಪ್ಯಾಡನ್ನು ಕೊಂಡರೂ ತಪ್ಪಿಸಲಾಗದ ಕರ್ತವ್ಯಗಳು.

ಹಳೆಯ ಪ್ಯಾಡು ತಿಳಿಸುವ ಸಂಗತಿ

ಹೊಸದನ್ನು ಆರಿಸುವ ಮುನ್ನ ಹಳೆಯದನ್ನು ಕೈಯಲ್ಲಿ ಹಿಡಿದು ಪರೀಕ್ಷಿಸತಕ್ಕದ್ದು. ಎರಡು ಪ್ಯಾಡುಗಳೂ ಸಮನಾಗಿ ಸವೆದಿದ್ದರೆ ಕ್ಯಾಲಿಪರು ಆರೋಗ್ಯವಾಗಿದೆ. ಒಂದು ತಗಡಿನವರೆಗೆ ಸವೆದು ಇನ್ನೊಂದು ದಪ್ಪವಾಗಿಯೇ ಉಳಿದಿದ್ದರೆ, ಕ್ಯಾಲಿಪರು ಜರುಗಾಡುವ ಪಿನ್ನುಗಳು ಉಪ್ಪುಗಾಳಿಗೂ ಕೆಸರಿಗೂ ತುಕ್ಕುಹಿಡಿದು ಬಿಗಿದುಕೊಂಡಿವೆಯೆಂದರ್ಥ; ಅವನ್ನು ಶುಚಿಮಾಡಿ ತಕ್ಕ ಗ್ರೀಸು ಹಚ್ಚದಿದ್ದರೆ ಎಷ್ಟು ಬೆಲೆಯ ಪ್ಯಾಡಾದರೂ ಅದೇ ಗತಿಯನ್ನು ಕಾಣುವುದು. ಮೈ ಕನ್ನಡಿಯಂತೆ ಹೊಳೆಯುತ್ತಿದ್ದರೆ ಪೆಡಲಿನ ಮೇಲೆ ಕಾಲು ಬಹುಕಾಲ ಹಗುರಾಗಿ ಕುಳಿತಿತ್ತೆಂದು ಊಹಿಸಬಹುದು. ಎಣ್ಣೆಯ ಕಲೆಯಿದ್ದರೆ ಚೈನಿಗೆ ಸಿಂಪಡಿಸಿದ ಎಣ್ಣೆಯು ಡಿಸ್ಕಿಗೂ ಹಾರಿದೆಯೆಂದು ತಿಳಿಯಬೇಕು. ಎಣ್ಣೆ ಹೀರಿದ ಪ್ಯಾಡನ್ನು ತೊಳೆದು ಮತ್ತೆ ಬಳಸುವುದು ಅಪಾಯಕರ.

ಉಜ್ಜುವ ವಸ್ತುವು ಸಾಮಾನ್ಯವಾಗಿ 1ರಿಂದ 1.5 ಮಿ.ಮೀ.ಗೆ ಇಳಿದಾಗ ಬದಲಿಸುವ ಕಾಲ ಬಂದಿತೆಂದು ಭಾವಿಸುವರು. ಆಯಾ ಬೈಕಿನ ಕೈಪಿಡಿಯ ಮಾತೇ ಇಲ್ಲಿ ಪ್ರಮಾಣ. ಡಿಸ್ಕಿನ ಮೇಲೂ ಅದರ ಕನಿಷ್ಠ ದಪ್ಪವನ್ನು ಕೆತ್ತಿರುತ್ತಾರೆ. ಅದಕ್ಕಿಂತ ತೆಳುವಾದ ಡಿಸ್ಕಿಗೆ ಹೊಸ ಪ್ಯಾಡು ಹಾಕುವುದು ವ್ಯರ್ಥ.

ಆಯ್ಕೆಯ ನಿರ್ಣಯ

ಇನ್ನು ನಿರ್ಣಯಕ್ಕೆ ಬರೋಣ. ನೆಲದ ಹಿಡಿತವೇ ಮೇರೆಯೆಂದ ಮೇಲೆ, ಆ ಮೇರೆಯನ್ನು ಕಾಯುವ ಯಂತ್ರವು ಹಿಂದಿನ ಗಾಲಿಗೆ ಇದೆಯೇ ಇಲ್ಲವೇ ಎಂಬುದು ಮೊದಲ ಪ್ರಶ್ನೆ. ನಮ್ಮ ದೇಶದಲ್ಲಿ 2019ರ ಏಪ್ರಿಲ್ 1ರಿಂದ 125 ಸಿ.ಸಿ. ಮೀರಿದ ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೂ ಗಾಲಿ ಬಿಗಿಯದಂತೆ ತಡೆಯುವ ಎಬಿಎಸ್ ವ್ಯವಸ್ಥೆಯು ಕಡ್ಡಾಯವಾಯಿತಾದರೂ, ಅದು ಒಂದೇ ಗಾಲಿಗೆ ಇದ್ದರೂ ಸಾಕೆಂದಿತ್ತು. 2015ರಲ್ಲಿ ಬಂದ ಬಜಾಜ್ ಪಲ್ಸರ್ ಆರ್‌ಎಸ್ 200ರಲ್ಲಿ ಆ ರಕ್ಷಣೆಯಿದ್ದುದು ಮುಂದಿನ ಗಾಲಿಗೆ ಮಾತ್ರ. ಇಂಥ ಬೈಕುಗಳಿಗೂ, ಎಬಿಎಸ್ ಇಲ್ಲದ ಹಳೆಯ ಬೈಕುಗಳಿಗೂ ರಾಳಗಟ್ಟಿನ ಪ್ಯಾಡು ಅಥವಾ ಮಧ್ಯಮಜಾತಿಯದು ಯುಕ್ತ. ಮಳೆಯಲ್ಲಿ ಅದು ಮಾಡುವ ತಡವನ್ನು, ಬ್ರೇಕು ಬೇಕಾಗುವ ಸ್ಥಳಕ್ಕೆ ಸ್ವಲ್ಪ ಮುಂಚೆಯೇ ಪೆಡಲನ್ನು ಹಗುರಾಗಿ ಒಮ್ಮೆ ಮುಟ್ಟಿ ನೀರನ್ನು ಒರಸಿ ನೀಗಿಕೊಳ್ಳಬಹುದು; ಬಿಗಿದು ಜಾರಿದ ಗಾಲಿಯನ್ನು ತಿದ್ದುವುದು ಅಷ್ಟು ಸುಲಭವಲ್ಲ. ಎರಡು ಗಾಲಿಗೂ ಎಬಿಎಸ್ ಇದ್ದು, ನಿತ್ಯವೂ ಇಬ್ಬರಾಗಿ ಘಾಟಿಯಲ್ಲಿ, ಕೆಸರಿನಲ್ಲಿ ಓಡಾಡುವವರಿಗೆ, ಡಿಸ್ಕು ಒಗ್ಗುವುದೆಂದು ತಯಾರಕರು ಹೇಳಿದ್ದಲ್ಲಿ, ಮೂಲದ ಅಕ್ಷರವನ್ನು ಮೀರದ ಹುಡಿಗಟ್ಟಿನ ಪ್ಯಾಡು ಹೆಚ್ಚು ಕಾಲ ಬಾಳಿ ಹೆಚ್ಚು ಸೇವೆ ಮಾಡುತ್ತದೆ.

ಯಾವುದನ್ನು ಆರಿಸಿದರೂ ಜೋಡಿಯಾಗಿಯೇ ಬದಲಿಸಬೇಕು. ಜೋಡಿಸಿದ ಮೇಲೆ ಪೆಡಲು ಗಟ್ಟಿಯಾಗುವವರೆಗೆ ಹಲವು ಸಲ ಮೆಟ್ಟಿಯೇ ಬೈಕನ್ನು ಹೊರಡಿಸಬೇಕು. ಇದಕ್ಕೆಲ್ಲ ತಕ್ಕ ಕಾಲ, ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲಿನ ದಿನವಾದ ಪತ್ತನಾಜೆಗೆ ಮುಂಚಿನ ಬೇಸಗೆಯ ದಿನಗಳು. ಲೇಪಪದರವು ಕೂರಲು ಕಾವೂ ಒಣ ರಸ್ತೆಯೂ ಬೇಕಾಗಿರುವುದರಿಂದ, ಮಳೆ ಹಿಡಿದ ಮೇಲೆ ಹಾಕಿಸಿದ ಪ್ಯಾಡಿಗೆ ಡಿಸ್ಕಿನೊಡನೆ ಒಗ್ಗಿಕೊಳ್ಳಲು ಅವಕಾಶ ದೊರೆಯದು. ತಿಂಗಳುಗಟ್ಟಲೆ ರಸ್ತೆಯ ಮೇಲೆ ಕೂತ ಎಣ್ಣೆಯೂ ಧೂಳೂ ಮೊದಲ ಮಳೆಗೆ ನೆನೆದು ನುಣುಪಾಗುವ ದಿನಗಳಲ್ಲಿಯೇ ನೆಲದ ಹಿಡಿತವು ಅತಿ ಕಡಿಮೆ; ಬ್ರೇಕಿನ ಹದವು ಸವಾರನ ಕಾಲಿಗೆ ಪೂರ್ತಿಯಾಗಿ ಪರಿಚಯವಾಗಿರಬೇಕಾದದ್ದು ಆ ದಿನಗಳು ಬರುವ ಮುನ್ನವೇ.